ಕ್ರಾಸ್ ಸ್ಟಿಚ್ ನೀಟಾಗಿ ಬರಬೇಕಾ? ಯಾವ ವಿಧಾನ ಯಾರಿಗೆ ಸರಿ

ಕ್ರಾಸ್ ಸ್ಟಿಚ್ ಅಂದರೆ ಎರಡು ಓರೆ ಹೊಲಿಗೆ ಒಂದರ ಮೇಲೊಂದು ಹಾಯ್ದು × ಆಗುವ ಹೊಲಿಗೆ. ಇದನ್ನು ಹಾಕುವವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. ಲೆಕ್ಕ ತಪ್ಪಿಲ್ಲ, ಬಣ್ಣ ಸರಿ ಇದೆ, ಆದರೂ ನೀಟಾಗಿ ಕಾಣುತ್ತಿಲ್ಲ. ಯಾಕೆ? ಕೇಳಿದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಒಂದೊಂದೇ ಕ್ರಾಸ್ ಮುಗಿಸಿ ಮುಂದೆ ಹೋಗು ಅಂತ ಒಬ್ಬರು. ಇಡೀ ಸಾಲಿಗೆ ಅರ್ಧ ಹೊಲಿಗೆ ಹಾಕಿ ವಾಪಸ್ ಬಾ ಅಂತ ಇನ್ನೊಬ್ಬರು. ಬಟ್ಟೆ ಬಿಗಿಯಾಗಿ ಹಿಡಿಯುವ ರಿಂಗ್ ಇಲ್ಲದೆ ಆಗಲ್ಲ ಅಂತ ಮತ್ತೊಬ್ಬರು. ಸಿಂಧನೂರಿನ ಓದುಗರೊಬ್ಬರು ಬಾಗಿಲ ತೋರಣಕ್ಕೆ ಬಟ್ಟೆ ತಂದಿಟ್ಟುಕೊಂಡು, ಈ ಸಲಹೆಗಳ ನಡುವೆ ಸಿಕ್ಕಿಕೊಂಡು ಇನ್ನೂ ಸೂಜಿಯನ್ನೇ ಹಿಡಿದಿಲ್ಲ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನೀಟು ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ. ಎಲ್ಲ ಕ್ರಾಸಿನ ಮೇಲಿನ ಕಾಲು, ಅಂದರೆ ಕೊನೆಗೆ ಹಾಕುವ ಓರೆ ಹೊಲಿಗೆ, ಒಂದೇ ದಿಕ್ಕಿಗೆ ಓರೆಯಾಗಿರಬೇಕು. ದಾರದ ಬಿಗಿ ಎಲ್ಲ ಕಡೆ ಒಂದೇ ಇರಬೇಕು. ಎರಡೆಳೆ ಹಾಕಿದ್ದರೆ ಎರಡೂ ಹುರಿಯಾಗದೆ ಅಕ್ಕಪಕ್ಕ ಮಲಗಿರಬೇಕು. ಯಾವ ವಿಧಾನವೇ ಆಗಲಿ, ಈ ಮೂರನ್ನು ನಿಮ್ಮ ಕೈಗೆ ಸುಲಭ ಮಾಡಿಕೊಟ್ಟರೆ ಅದು ನಿಮಗೆ ಒಳ್ಳೆಯದು. ಇಲ್ಲದಿದ್ದರೆ, ಎಷ್ಟು ಜನ ಹೊಗಳಿದರೂ ಅದು ನಿಮಗಲ್ಲ.

ಮೊದಲು ಇದನ್ನು ಕೇಳಿಕೊಳ್ಳಿ

ಹಿಂಬದಿ ಯಾರಿಗಾದರೂ ಕಾಣುತ್ತಾ? ಗಾಜಿನ ಫ್ರೇಮಿಗೆ ಹೋಗುವುದಾದರೆ ಕಾಣಲ್ಲ. ಸೀರೆ ಸೆರಗಿಗೋ ಕರವಸ್ತ್ರಕ್ಕೋ ಆದರೆ ಕಾಣುತ್ತದೆ.

ಎಷ್ಟು ಸಲ ಒಗೆಯುತ್ತೀರಿ? ತೋರಣ, ದಿಂಬಿನ ಕವರು, ಮೇಜಿನ ಹಾಸು ನಮ್ಮ ಕಡೆ ಬೇಗ ಕೊಳೆಯಾಗುತ್ತವೆ. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು ಗೊತ್ತೇ ಇದೆಯಲ್ಲ.

ಡಿಸೈನಿನಲ್ಲಿ ಬಣ್ಣ ಹೇಗೆ ಹರಡಿದೆ? ಒಂದೇ ಬಣ್ಣದ ದೊಡ್ಡ ಜಾಗಗಳಿವೆಯಾ, ಅಥವಾ ಇಲ್ಲೊಂದು ಅಲ್ಲೊಂದು ಚುಕ್ಕಿ ಚುಕ್ಕಿಯಾಗಿದೆಯಾ? ವಿಧಾನವನ್ನು ನಿಜವಾಗಿ ತೀರ್ಮಾನಿಸುವುದು ಇದೇ, ಆದರೆ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ಇನ್ನುಳಿದದ್ದು ಕಣ್ಣು, ಬೆಳಕು, ದುಡ್ಡು, ಸಮಯ. ಒಂದೇ ಪಟ್ಟಿಗೆ ಎರಡು ಗಂಟೆ ಕೂರುವವರಿಗೂ, ಕುಕ್ಕರ್ ಸೀಟಿಗಳ ನಡುವೆ ಹತ್ತು ನಿಮಿಷ ಸಿಗುವವರಿಗೂ ಒಂದೇ ಉತ್ತರ ಸರಿಹೋಗಲ್ಲ.

ಬಟ್ಟೆ: ಐಡಾನಾ, ಮ್ಯಾಟಿನಾ?

ಐಡಾ ಬಟ್ಟೆಯಲ್ಲಿ ತೂತುಗಳು ಚೌಕವಾಗಿ, ಎದ್ದು ಕಾಣುವ ಹಾಗೆ ಇರುತ್ತವೆ. 14 ಕೌಂಟ್ ಅಂದರೆ ಒಂದು ಇಂಚಿಗೆ 14 ಮನೆ, ಮನೆ ಅಂದರೆ ಒಂದು ಕ್ರಾಸ್ ಕೂರುವ ಚೌಕ. 140 ಮನೆ ಅಗಲ, 98 ಮನೆ ಎತ್ತರದ ಡಿಸೈನು 14 ಕೌಂಟಿನಲ್ಲಿ 10 × 7 ಇಂಚು ಬರುತ್ತದೆ. ಅದೇ ಡಿಸೈನು 11 ಕೌಂಟಿನಲ್ಲಿ ಸುಮಾರು 12.7 × 8.9 ಇಂಚಿಗೆ ಬೆಳೆಯುತ್ತದೆ, 18 ಕೌಂಟಿನಲ್ಲಿ 7.8 × 5.4ಕ್ಕೆ ಇಳಿಯುತ್ತದೆ. ಇದರ ಮೇಲೆ ಸುತ್ತಲೂ ಮೂರಿಂಚು ಬಟ್ಟೆ ಬಿಡಬೇಕು.

ಕಣ್ಣಿಗೆ ಕಷ್ಟ ಅನ್ನುವವರು, ಹೊಸದಾಗಿ ಕಲಿಯುವವರು 11 ಕೌಂಟ್ ತಗೊಳ್ಳಿ. ಆದರೆ ಅದರಲ್ಲಿ ಮೂರೆಳೆ ಹಾಕದಿದ್ದರೆ ನಡುನಡುವೆ ಬಟ್ಟೆ ಇಣುಕುತ್ತದೆ. ಅಂದರೆ ದಾರ ಜಾಸ್ತಿ ಬೇಕು. 14ಕ್ಕೆ ಎರಡೆಳೆ. 18ಕ್ಕೆ ಒಂದು ಅಥವಾ ಎರಡು. ಸೂಜಿ ಮೊಂಡು ತುದಿಯದ್ದೇ ಆಗಬೇಕು: 11 ಕೌಂಟಿಗೆ 22ನೇ ನಂಬರು, 14ಕ್ಕೆ 24, 18ಕ್ಕೆ 26. ಚೂಪು ಸೂಜಿ ಪಕ್ಕದ ಹೊಲಿಗೆಯ ದಾರವನ್ನೇ ಸೀಳಿಕೊಂಡು ಬರುತ್ತದೆ, ಮೇಲೆ ಜುಂಗು ಏಳುತ್ತದೆ. ದುಡ್ಡು ಕಡಿಮೆ ಇದ್ದರೆ ಬೇರೆ ಎಲ್ಲಾದರೂ ಉಳಿಸಿ. ಸೂಜಿಯಲ್ಲಿ ಮತ್ತು ದಾರದಲ್ಲಿ ಉಳಿಸಬೇಡಿ.

ಮ್ಯಾಟಿ ಬಟ್ಟೆ ನಮ್ಮ ಮನೆಗಳಿಗೆ ಹಳೆಯ ಪರಿಚಯ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲೋ ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲೋ ಮೀಟರ್ ಲೆಕ್ಕದಲ್ಲಿ ವಿಚಾರಿಸಿ. ಮೆತ್ತಗಿರುತ್ತದೆ, ಐಡಾಗಿಂತ ಅಗ್ಗ, ತೋರಣಕ್ಕೂ ಹಾಸಿಗೂ ಚೆನ್ನಾಗಿ ಇಳಿಬೀಳುತ್ತದೆ. ತೊಂದರೆ ಏನೆಂದರೆ, ಕೆಲವು ಮ್ಯಾಟಿಯಲ್ಲಿ ಉದ್ದದ ನೂಲಿಗೂ ಅಡ್ಡದ ನೂಲಿಗೂ ಲೆಕ್ಕ ಒಂದೇ ಇರಲ್ಲ. ಆಗ ದುಂಡಗಿನ ಹೂವು ಮೊಟ್ಟೆಯಾಕಾರ ಆಗುತ್ತದೆ. ಕೊಳ್ಳುವಾಗಲೇ ಉದ್ದಕ್ಕೆ ಇಪ್ಪತ್ತು ಮನೆ, ಅಡ್ಡಕ್ಕೆ ಇಪ್ಪತ್ತು ಮನೆ ಎಣಿಸಿ ಟೇಪಿನಲ್ಲಿ ಅಳೆಯಿರಿ. ಎರಡೂ ಸಮ ಬಂದರೆ ಮಾತ್ರ ಕತ್ತರಿಸಲು ಹೇಳಿ. ಹೊಲಿಯುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ.

ಗೋಡೆಯ ಫ್ರೇಮಿಗೆ ಐಡಾ, ಬಳಸಿ ಒಗೆಯುವುದಕ್ಕೆ ಮ್ಯಾಟಿ. ನನ್ನ ಮಟ್ಟಿಗೆ ಇದರಲ್ಲಿ ಜಾಸ್ತಿ ಯೋಚನೆ ಬೇಕಿಲ್ಲ.

ಒಂದೊಂದೇ ಕ್ರಾಸಾ, ಹೋಗಿ ಬರುವ ಸಾಲಾ?

ಮುಖ್ಯ ಪ್ರಶ್ನೆ ಇದು. ಒಂದೊಂದೇ ಕ್ರಾಸ್ ಮುಗಿಸುವುದನ್ನು ಇಂಗ್ಲಿಷ್ ವಿಧಾನ ಅಂತಲೂ, ಸಾಲು ಹೋಗಿ ಸಾಲು ಬರುವುದನ್ನು ಡೇನಿಶ್ ವಿಧಾನ ಅಂತಲೂ ಕರೆಯುತ್ತಾರೆ.

ಸಾಲಿನ ವಿಧಾನದಲ್ಲಿ ಎಡಗಡೆಯಿಂದ ಶುರು ಮಾಡಿ. ಮನೆಯ ಕೆಳಗಿನ ಎಡ ಮೂಲೆಯಿಂದ ಸೂಜಿ ಹೊರಗೆ, ಮೇಲಿನ ಬಲ ಮೂಲೆಯಲ್ಲಿ ಒಳಗೆ. ನೇರ ಕೆಳಗಿನ ತೂತಿನಿಂದ ಮತ್ತೆ ಹೊರಗೆ. ಹೀಗೆ ಹತ್ತು ಮನೆ ಹೋದರೆ ಹತ್ತು ಓರೆ ಗೆರೆ. ಈಗ ತಿರುಗಿ ಬನ್ನಿ: ಕೆಳಗಿನ ಬಲ ಮೂಲೆಯಿಂದ ಹೊರಗೆ, ಮೇಲಿನ ಎಡ ಮೂಲೆಯಲ್ಲಿ ಒಳಗೆ. ಬಟ್ಟೆ ತಿರುವಿ ನೋಡಿ. ಹಿಂದೆ ಬರೀ ನಿಂತ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ.

ಇದರ ದೊಡ್ಡ ಲಾಭ ದಿಕ್ಕು. ಬರುವಾಗ ಹಾಕಿದ ಹೊಲಿಗೆ ಎಲ್ಲವೂ ಮೇಲಿನ ಕಾಲು, ಎಲ್ಲವೂ ಒಂದೇ ಓರೆ. ತಪ್ಪಬೇಕೆಂದರೂ ತಪ್ಪುವುದು ಕಷ್ಟ. ಕೈಗೆ ಒಂದು ಲಯ ಸಿಗುವುದರಿಂದ ಬಿಗಿಯೂ ಸಮ ಬರುತ್ತದೆ. ದಾರವೂ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಒಂದೊಂದೇ ಕ್ರಾಸ್ ಮುಗಿಸಿ ಪಕ್ಕಕ್ಕೆ ಹೋಗುವಾಗ ದಾರ ಹಿಂಬದಿಯಲ್ಲಿ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಓರೆಯಾಗಿ ಹಾಯಬೇಕು. ನಿಂತ ಗೆರೆಗಿಂತ ಆ ಓರೆ ಗೆರೆ ಉದ್ದ. ಹಾಗಾಗಿ ಪ್ರತಿ ಕ್ರಾಸಿಗೆ ದಾರ ನೂರಕ್ಕೆ ಸುಮಾರು ಎಂಟೂವರೆಯಷ್ಟು ಜಾಸ್ತಿ ಹೋಗುತ್ತದೆ. ಒಂದು ಲಡಿ ಅಂದರೆ 8 ಮೀಟರು. ಹಿನ್ನೆಲೆ ಪೂರ್ತಿ ತುಂಬಿಸುವ ಡಿಸೈನಾದರೆ ಹದಿಮೂರು ಲಡಿಗೆ ಒಂದು ಲಡಿ ಉಳಿದ ಹಾಗೆ.

ಹಾಗಂತ ಸಾಲಿನ ವಿಧಾನವೇ ಎಲ್ಲಕ್ಕೂ ಸರಿ ಅನ್ನಲಾರೆ. ಅರ್ಧ ಸಾಲಿಗೆ ಎದ್ದು ಹೋಗಿ, ಎರಡು ದಿನ ಬಿಟ್ಟು ಬಂದು ವಾಪಸ್ ಸಾಲು ಹಾಕಿದರೆ, ಕೆಳಗಿನ ಕಾಲಿನ ಬಿಗಿಯೇ ಬೇರೆ, ಮೇಲಿನದರ ಬಿಗಿಯೇ ಬೇರೆ. ಹತ್ತಿರದಿಂದ ನೋಡಿದರೆ ಆ ಜಾಗ ಸ್ವಲ್ಪ ಉಬ್ಬಿರುತ್ತದೆ. ಅರವತ್ತು ಮನೆ ಒಂದೇ ಉಸಿರಿಗೆ ಹೋಗುವುದೂ ಬೇಡ. ಹತ್ತು ಹದಿನೈದು ಮನೆಗೆ ತಿರುಗಿ ಬನ್ನಿ.

ಒಂದೊಂದೇ ಕ್ರಾಸ್ ಹಾಕುವ ವಿಧಾನ ಗೆಲ್ಲುವುದು ಮೂರು ಕಡೆ. ಬಣ್ಣ ಚುಕ್ಕಿ ಚುಕ್ಕಿಯಾಗಿ ಹರಡಿದ್ದಾಗ. ನೇರ ಕೆಳಗೆ ಇಳಿಯುವ ಒಂಟಿ ಸಾಲಿನಲ್ಲಿ, ಉದಾಹರಣೆಗೆ ಹೂವಿನ ದಂಟು, ದೀಪದ ಕಂಬ. ಮತ್ತೆ ಒಂದೇ ಎಳೆಯಲ್ಲಿ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ತಿರುಗುವ ಶೇಡೆಡ್ ದಾರದಲ್ಲಿ. ಶೇಡೆಡ್ ದಾರವನ್ನು ಸಾಲಿನ ವಿಧಾನದಲ್ಲಿ ಹಾಕಿದರೆ ಕೆಳಗಿನ ಕಾಲು ಒಂದು ಬಣ್ಣ, ಮೇಲಿನ ಕಾಲು ಇನ್ನೊಂದು ಬಣ್ಣವಾಗಿ ಮಸುಕಾಗುತ್ತದೆ. ಒಂದೊಂದೇ ಮುಗಿಸುತ್ತಾ ಹೋದರೆ ಬಣ್ಣ ನಿಧಾನವಾಗಿ ಹರಿಯುತ್ತದೆ, ನೋಡಲು ಬಹಳ ಚಂದ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕಾದವರಿಗೂ ಇದೇ ಒಳ್ಳೆಯದು. ಎಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನದು ಪೂರ್ತಿ ಆಗಿರುತ್ತದೆ.

ಒಂದೇ ಕೆಲಸದಲ್ಲಿ ಎರಡನ್ನೂ ಬೆರೆಸಬಹುದಾ? ಧಾರಾಳವಾಗಿ. ಮೇಲಿನ ಕಾಲು ಒಂದೇ ಕಡೆಗಿದ್ದರೆ ಮುಂಬದಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಆ ಕಾಲು ಎಡಕ್ಕಿರಲಿ ಬಲಕ್ಕಿರಲಿ, ಅದು ನಿಮ್ಮಿಷ್ಟ. ಎಡಗೈಯವರಿಗೆ ಉಲ್ಟಾ ಸುಲಭ. ಆದರೆ ಕೈಗೆ ಅನುಕೂಲ ಅಂತ ಬಟ್ಟೆಯನ್ನು ಅಡ್ಡ ತಿರುಗಿಸಿ ಹೊಲಿದರೆ ದಿಕ್ಕು ಬದಲಾಗಿಬಿಡುತ್ತದೆ. ಬಟ್ಟೆಯ ಮೇಲಿನ ಅಂಚಿಗೆ ಒಂದು ಪಿನ್ನು ಚುಚ್ಚಿಡಿ. ಪಿನ್ನು ಯಾವಾಗಲೂ ಮೇಲೇ ಇರಲಿ.

ಯಾವ ವಿಧಾನಕ್ಕೂ ಅನ್ವಯಿಸುವ ಇನ್ನೊಂದು ಮಾತು. ಸಾಧ್ಯವಾದಷ್ಟೂ ಸೂಜಿ ಖಾಲಿ ತೂತಿನಿಂದ ಹೊರಗೆ ಬರಲಿ, ದಾರ ಇರುವ ತೂತಿಗೆ ಒಳಗೆ ಹೋಗಲಿ. ಒಳಗೆ ಹೋಗುವ ಸೂಜಿ ಹಳೆಯ ದಾರದ ಜುಂಗನ್ನು ತನ್ನ ಜೊತೆ ಕೆಳಗೆ ಒಯ್ಯುತ್ತದೆ. ಹೊರಗೆ ಬರುವ ಸೂಜಿ ಅದನ್ನೇ ಮೇಲಕ್ಕೆ ಎಳೆದು ತರುತ್ತದೆ.

ಎಳೆಗಳು ಹುರಿಯಾಗದಂತೆ

ಹೊಲಿಗೆ ಸಣ್ಣಗೆ, ಹಗ್ಗದಂತೆ ಕಂಡರೆ ದಾರ ತಿರುಚಿಕೊಂಡಿದೆ ಅಂತ ಅರ್ಥ. ಇದಕ್ಕೆ ಖರ್ಚಿಲ್ಲದ ಮದ್ದು ಮೊದಲು. ಲಡಿಯಿಂದ ಒಂದು ಮೊಳ ದಾರ ಕತ್ತರಿಸಿ. ಮೊಣಕೈಯಿಂದ ಬೆರಳ ತುದಿಯವರೆಗೆ ಸಾಕು, ಅದಕ್ಕಿಂತ ಉದ್ದವಾದರೆ ಕೊನೆಗೆ ಬರುವಷ್ಟರಲ್ಲಿ ಹೊಳಪು ಹೋಗಿ ಸವೆದಿರುತ್ತದೆ. ಆರೆಳೆ ಇರುತ್ತವೆ. ಎರಡೆಳೆ ಬೇಕು ಅಂತ ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಒಂದು ತುದಿ ಹಿಡಿದು ಒಂದೇ ಎಳೆಯನ್ನು ನೇರ ಮೇಲಕ್ಕೆ ಎಳೆಯಿರಿ. ಉಳಿದದ್ದು ಕೆಳಗೆ ಮುದುಡುತ್ತದೆ, ಕೈಯಾಡಿಸಿದರೆ ಸರಿಹೋಗುತ್ತದೆ. ಆಮೇಲೆ ಇನ್ನೊಂದು ಎಳೆ. ಬಿಡಿಬಿಡಿಯಾಗಿ ತೆಗೆದು ಮತ್ತೆ ಜೊತೆ ಮಾಡಿದ ಎರಡೆಳೆ ಬಟ್ಟೆಯನ್ನು ಚೆನ್ನಾಗಿ ತುಂಬುತ್ತದೆ. ಹತ್ತಿಪ್ಪತ್ತು ಹೊಲಿಗೆಗೊಮ್ಮೆ ಸೂಜಿಯನ್ನು ಕೆಳಗೆ ತೂಗುಬಿಡಿ. ಅದೇ ಗಿರಗಿರ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ.

ಇನ್ನೂ ನೀಟು ಬೇಕು ಅನ್ನುವವರಿಗೆ ರೈಲ್‌ರೋಡಿಂಗ್ ಅಂತ ಒಂದು ವಿಧಾನವಿದೆ. ಸೂಜಿ ಒಳಗೆ ಹೋಗುವ ಮೊದಲು ಅದರ ತುದಿಯನ್ನು ಎರಡೆಳೆಯ ನಡುವೆ ತೂರಿಸುವುದು. ಆಗ ಎರಡೂ ಎಳೆ ರೈಲು ಹಳಿಗಳಂತೆ ಸಮಾನವಾಗಿ ಕೂರುತ್ತವೆ. ಫಲ ಚೆನ್ನಾಗಿದೆ, ಆದರೆ ಕೆಲಸ ನಿಧಾನ, ಕಣ್ಣಿಗೂ ಶ್ರಮ. ನನ್ನ ಸಲಹೆ: ಮೇಲಿನ ಕಾಲಿಗೆ ಮಾತ್ರ ಮಾಡಿ. ಕೆಳಗಿನದು ಹೇಗೂ ಮುಚ್ಚಿಹೋಗುತ್ತದೆ. ತೋರಣದಂಥ ದೂರದಿಂದ ನೋಡುವ ಕೆಲಸಕ್ಕೆ ಇದು ಬೇಕೇ ಇಲ್ಲ. ಮುಖ, ಕೈ, ಆಕಾಶದಂಥ ತಿಳಿ ಬಣ್ಣದ ಜಾಗವಿರುವ ಫ್ರೇಮಿಗೆ ಖಂಡಿತ ಮಾಡಿ.

ರಿಂಗಾ, ಬರಿಗೈಯಾ, ಸ್ಟ್ಯಾಂಡಾ?

ಕೈಯಲ್ಲಿ ಹಿಡಿದರೆ ಸೂಜಿಯನ್ನು ಒಂದೇ ಸಲಕ್ಕೆ ಒಳಗೆ ಹೊರಗೆ ತೂರಿಸಿ ಬೇಗ ಬೇಗ ಹೋಗಬಹುದು. ಮ್ಯಾಟಿಯಂಥ ಮೆತ್ತನೆ ಬಟ್ಟೆಗೆ ಇದು ಒಗ್ಗುತ್ತದೆ. ಗಟ್ಟಿ ಐಡಾಕ್ಕೆ ಅಷ್ಟು ಒಗ್ಗಲ್ಲ. ಬಟ್ಟೆ ಮಡಿಸಿದಲ್ಲೆಲ್ಲ ತೂತು ವಾರೆಯಾಗುತ್ತದೆ. ಕೈ ಬಿಗಿ ಇರುವವರಿಗೆ ಬಟ್ಟೆಯೇ ಮುದುಡುತ್ತದೆ. ಜೊತೆಗೆ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೆವರುವ ಕೈ. ಬಿಳಿ ಬಟ್ಟೆ ಹಿಡಿದ ಜಾಗದಲ್ಲೇ ಹಳದಿಯಾಗುತ್ತದೆ.

ರಿಂಗ್ ಹಾಕಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಸೂಜಿ ನೇರ ಕೆಳಗೆ, ನೇರ ಮೇಲೆ. ನಿಧಾನ, ಆದರೆ ಹೊಲಿಗೆ ಸಮ. ಹೊಸಬರಿಗೆ ಆರಿಂಚಿನ ಮರದ ರಿಂಗ್ ಸಾಕು. ಒಳಗಿನ ಬಳೆಗೆ ಹಳೆ ಬಿಳಿ ಹತ್ತಿ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಬಟ್ಟೆ ಜಾರಲ್ಲ, ಗುರುತೂ ಕಡಿಮೆ. ಎದ್ದು ಹೋಗುವಾಗ ರಿಂಗ್ ಬಿಚ್ಚಿಡಿ. ರಾತ್ರಿಯಿಡೀ ಬಿಟ್ಟರೆ ಬಿದ್ದ ಮಡಿಕೆಯಲ್ಲಿ ಧೂಳು, ಬೆವರು ಸೇರಿ ದುಂಡನೆಯ ಕಲೆ ಕೂರುತ್ತದೆ, ಆಮೇಲೆ ಎಷ್ಟು ಒಗೆದರೂ ಕಷ್ಟ. ಕೆಲಸವನ್ನು ಒಂದು ದಿಂಬಿನ ಕವರಿನೊಳಗೆ ಹಾಕಿಡಿ.

ಬಳ್ಳಾರಿ ಕಡೆ ಎಷ್ಟೋ ಮನೆಗಳಲ್ಲಿ ಮಗ್ಗಂ ವರ್ಕ್ ಸ್ಟ್ಯಾಂಡು, ಅಂದರೆ ಬಟ್ಟೆ ಬಿಗಿದು ಕಟ್ಟುವ ಚೌಕಟ್ಟು, ಇರುತ್ತದೆ. ಬ್ಲೌಸಿನ ಕೆಲಸಕ್ಕೆ ಅಂತ ತಂದಿಟ್ಟುಕೊಂಡಿರುತ್ತಾರೆ. ಅದೇ ಸ್ಟ್ಯಾಂಡು ದೊಡ್ಡ ಕ್ರಾಸ್ ಸ್ಟಿಚ್‌ಗೆ ಬಹಳ ಚೆನ್ನಾಗಿ ಆಗುತ್ತದೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಎರಡೂ ಕೈ ಪಳಗಿದರೆ ವೇಗವೂ ಬರುತ್ತದೆ, ಬಿಗಿಯೂ ಸಮ. ದುಬಾರಿ ಫ್ರೇಮ್ ತರಿಸುವ ಯೋಚನೆಯಲ್ಲಿದ್ದರೆ ಮೊದಲು ಅಕ್ಕಪಕ್ಕದ ಮನೆಯಲ್ಲಿ ಇದನ್ನು ಕೇಳಿ ನೋಡಿ.

ಗಂಟು ಹಾಕದೆ ಶುರು ಮಾಡುವುದು

ಗಂಟು ಫ್ರೇಮಿನ ಗಾಜಿನ ಕೆಳಗೆ ಉಬ್ಬಾಗಿ ಕಾಣುತ್ತದೆ. ಮ್ಯಾಟಿಯ ದೊಡ್ಡ ತೂತಿನಿಂದ ಒಗೆಯುವಾಗ ಹೊರಗೇ ಬಂದುಬಿಡುತ್ತದೆ. ಧಾರವಾಡ ಕಡೆಯ ಕಸೂತಿಯಲ್ಲಂತೂ ಗಂಟು ಹಾಕುವ ಪದ್ಧತಿಯೇ ಇಲ್ಲ.

ಎರಡೆಳೆ ಕೆಲಸಕ್ಕೆ ಕುಣಿಕೆ ವಿಧಾನ ಎಲ್ಲಕ್ಕಿಂತ ನೀಟು. ಎರಡು ಮೊಳದ ಒಂದೇ ಎಳೆ ತಗೊಂಡು ನಡುವೆ ಮಡಿಸಿ. ಎರಡು ತುದಿಯನ್ನೂ ಸೂಜಿ ಕಣ್ಣಿಗೆ ಪೋಣಿಸಿ. ಸೂಜಿ ಹೊರಗೆ ಬಂದಾಗ ಕುಣಿಕೆಯನ್ನು ಹಿಂದೆ ಸ್ವಲ್ಪ ಬಿಡಿ. ಮೊದಲ ಅರ್ಧ ಹೊಲಿಗೆ ಹಾಕಿ ಹಿಂದೆ ಬಂದ ಸೂಜಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದರೆ ಮುಗಿಯಿತು. ಆದರೆ ಮೂರೆಳೆ ಕೆಲಸಕ್ಕೆ ಇದು ಆಗಲ್ಲ. ಶೇಡೆಡ್ ದಾರಕ್ಕೂ ಬೇಡ, ಮಡಿಸಿದಾಗ ಬಣ್ಣ ಜೋಡಿಯಾಗಲ್ಲ. ಅಲ್ಲಿ ಹಿಂದೆ ಒಂದಿಂಚು ದಾರ ಬಿಟ್ಟು, ಮೊದಲ ನಾಲ್ಕೈದು ಹೊಲಿಗೆಯ ಕೆಳಗೆ ಅದು ಸಿಕ್ಕಿಕೊಳ್ಳುವಂತೆ ಹೊಲಿಯಿರಿ. ಮುಗಿಸುವಾಗ ಎಲ್ಲರಿಗೂ ಒಂದೇ ದಾರಿ: ಹಿಂಬದಿಯ ನಾಲ್ಕೈದು ಹೊಲಿಗೆಯ ಕೆಳಗೆ ಸೂಜಿ ತೂರಿಸಿ ಕತ್ತರಿಸಿ. ಜಾಸ್ತಿ ಒಗೆಯುವ ಬಟ್ಟೆಯಾದರೆ ತಿರುಗಿ ಇನ್ನೊಮ್ಮೆ ವಾಪಸ್ ತೂರಿಸಿ.

ಕಪ್ಪು, ಕೆಂಪು ದಾರವನ್ನು ಖಾಲಿ ಬಟ್ಟೆಯ ಹಿಂದೆ ದೂರ ಎಳೆದುಕೊಂಡು ಹೋಗಬೇಡಿ. ಬಿಳಿ ಬಟ್ಟೆಯ ಮುಂದೆ ನೆರಳಾಗಿ ಕಾಣುತ್ತದೆ.

ಚುಕ್ಕಿ ಚುಕ್ಕಿ ಬಣ್ಣದ ಡಿಸೈನಿಗೆ

ಒಂದು ಬಣ್ಣವನ್ನು ಡಿಸೈನ್ ಪೂರ್ತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮುಗಿಸಿ ಇನ್ನೊಂದಕ್ಕೆ ಹೋಗುವುದು ಒಂದು ದಾರಿ. ಸೂಜಿ ಒಂದೇ ಸಾಕು, ದಾರ ತುಂಡು ಕಡಿಮೆ. ಆದರೆ ಖಾಲಿ ಜಾಗ ದಾಟಿ ಎಣಿಸುವಾಗ ಒಂದು ಮನೆ ತಪ್ಪಿದರೂ ಮುಂದಿನ ಎಲ್ಲವೂ ಸರಿಯುತ್ತದೆ. ಇನ್ನೊಂದು ದಾರಿ ಪಾರ್ಕಿಂಗ್, ಅಂದರೆ ಬಣ್ಣಕ್ಕೊಂದು ಸೂಜಿ. ಒಂದು ಬಣ್ಣ ಮುಗಿದಲ್ಲಿ ಆ ದಾರವನ್ನು ಅದರ ಮುಂದಿನ ಮನೆಯ ತೂತಿನಿಂದ ಹೊರಗೆ ತಂದು ಬಿಟ್ಟಿರುವುದು. ಲೆಕ್ಕ ತಪ್ಪುವುದು ಕಡಿಮೆ, ಅಂಚಿನಿಂದ ಅಂಚಿಗೆ ಪೂರ್ತಿಯಾಗಿ ತುಂಬುತ್ತಾ ಹೋಗುತ್ತದೆ. ಆದರೆ ಇಪ್ಪತ್ತು ಸೂಜಿ ನೇತಾಡುವ ಬಟ್ಟೆಯನ್ನು ಸಣ್ಣ ಮಕ್ಕಳಿರುವ ಮನೆಯಲ್ಲಿ ಇಡುವುದು ಬೇಡ. ಅಂಥವರು ಮೊದಲ ದಾರಿಯನ್ನೇ ಹಿಡಿಯಿರಿ, ಎಣಿಸಲು ಸುಲಭವಾಗಲಿ ಅಂತ ಬಟ್ಟೆಯ ಮೇಲೆ ಹತ್ತು ಹತ್ತು ಮನೆಗೆ ಗೆರೆ ಹಾಕಿಕೊಳ್ಳಿ. ಗೆರೆಗೆ ತೊಳೆದರೆ ಹೋಗುವ ಪೆನ್ನು ಬಳಸಿದರೆ, ಇಸ್ತ್ರಿ ಮಾಡುವ ಮೊದಲು ತಣ್ಣೀರಿನಲ್ಲಿ ಪೂರ್ತಿ ತೆಗೆಯಿರಿ. ಬಿಸಿ ತಾಗಿದರೆ ಶಾಯಿ ಅಲ್ಲೇ ಉಳಿದುಬಿಡಬಹುದು. ನನಗೆ ಪೆನ್ನಿಗಿಂತ ಬಣ್ಣದ ಹೊಲಿಗೆ ದಾರವನ್ನು ಉದ್ದುದ್ದ ಟಾಕಿ ಹಾಕುವುದೇ ಇಷ್ಟ. ಕೊನೆಗೆ ಎಳೆದರೆ ಬರುತ್ತದೆ.

ಹಾಗಾದರೆ ನಿಮಗೆ ಯಾವುದು?

ಬಾಗಿಲ ತೋರಣ, ಹಾಸು: ಸಮ ಲೆಕ್ಕದ ಮ್ಯಾಟಿ, ಹೋಗಿ ಬರುವ ಸಾಲು, ಕೈಯಲ್ಲಿ ಅಥವಾ ಸಣ್ಣ ರಿಂಗಿನಲ್ಲಿ. ಸಿಂಧನೂರಿನವರು ಇದನ್ನೇ ಹಿಡಿಯಲಿ. ಕೆಂಪು ದಾರ ಬಳಸುವ ಮೊದಲು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಲಡಿ ತೋರಣಕ್ಕೆ ಬೇಡ.

ಗೋಡೆಗೆ ಹಾಕುವ ದೇವರ ಚಿತ್ರ, ಪ್ರಕೃತಿ ಚಿತ್ರ: 14 ಕೌಂಟಿನ ಐಡಾ, ರಿಂಗ್ ಅಥವಾ ಮಗ್ಗಂ ಸ್ಟ್ಯಾಂಡು, ದೊಡ್ಡ ಬಣ್ಣಕ್ಕೆ ಸಾಲು, ಚುಕ್ಕಿಗೆ ಒಂಟಿ ಕ್ರಾಸ್, ಮೇಲಿನ ಕಾಲಿಗೆ ರೈಲ್‌ರೋಡಿಂಗ್. ಹಿನ್ನೆಲೆಯ ಬಣ್ಣದ ಲಡಿಗಳನ್ನು ಒಂದೇ ಸಲ ಕೊಳ್ಳಿ. ಬೇರೆ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಅದೇ ನಂಬರಿಗೂ ಕೂದಲೆಳೆ ವ್ಯತ್ಯಾಸ ಇರಬಹುದು. ಮುಗಿದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯಿರಿ. ನಿಮ್ಮದು ಬೋರ್ ನೀರಾದರೆ ಕೊನೆಯ ಸಲ ಕುಡಿಯುವ ಫಿಲ್ಟರ್ ನೀರು ಬಳಸಿ. ಟವೆಲ್ ಮೇಲೆ ಮುಖ ಕೆಳಗಾಗಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಕ್ರಾಸುಗಳು ಚಪ್ಪಟೆಯಾಗಲ್ಲ.

ಇಳಕಲ್ ಸೀರೆ, ಬ್ಲೌಸು: ಕುಷ್ಟಗಿ ಕಡೆಯವರು ಇದನ್ನು ಬಹಳ ಕೇಳುತ್ತಾರೆ. ಸೆರಗಿನಲ್ಲಿ ಎರಡೂ ಬದಿ ಕಾಣುವುದರಿಂದ ಅಲ್ಲಿ ಕ್ರಾಸ್ ಬದಲು ಕಸೂತಿಯ ಗಾವಂಟಿ ಹೊಲಿಗೆ ಹಾಕಿ. ಗಾವಂಟಿಯಲ್ಲಿ ಹಿಂದೂ ಮುಂದೂ ಒಂದೇ ಥರ. ಕಸೂತಿಯಲ್ಲಿ ಕ್ರಾಸನ್ನೇ ಹೋಲುವ ಮೆಂತ್ಯ ಹೊಲಿಗೆಯೂ ಇದೆ, ಆದರೆ ಅದರ ಹಿಂಬದಿ ಬೇರೆ ಕಾಣುತ್ತದೆ. ಬ್ಲೌಸಿಗೆ ಲೈನಿಂಗ್ ಬರುವುದರಿಂದ ಕ್ರಾಸ್ ಸ್ಟಿಚ್ ಧಾರಾಳವಾಗಿ ಹಾಕಬಹುದು. ಅದಕ್ಕೆ ವೇಸ್ಟ್ ಕ್ಯಾನ್ವಾಸ್ ಅಂತ ಸಿಗುವ ಜಾಳಿಗೆಯನ್ನು ಬಟ್ಟೆಯ ಮೇಲೆ ಟಾಕಿ ಹಾಕಿ ಕೂರಿಸಿ, ಅದರ ತೂತು ಎಣಿಸಿ ಹೊಲಿಯಿರಿ. ಇಲ್ಲಿ ಮಾತ್ರ ಮೊಂಡು ಸೂಜಿ ನಡೆಯಲ್ಲ, ಚೂಪು ಸೂಜಿ ಬೇಕು. ಸೂಜಿ ಜಾಳಿಗೆಯ ನೂಲನ್ನು ಚುಚ್ಚದೆ ತೂತಿನಲ್ಲೇ ಹೋಗಲಿ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒತ್ತಿ ಜಾಳಿಗೆಯ ಅಂಟು ಮೆತ್ತಗಾಗಿಸಿ, ಚಿಮಟದಿಂದ ಒಂದೊಂದೇ ನೂಲು ಎಳೆಯಿರಿ. ಅಡ್ಡ ನೂಲು ಪೂರ್ತಿ ತೆಗೆದ ಮೇಲೆ ಉದ್ದದವು ಸಲೀಸಾಗಿ ಬರುತ್ತವೆ. ಬಟ್ಟೆಯ ಬಣ್ಣ ಬಿಡುತ್ತದಾ ಅಂತ ಮೊದಲೇ ಒಳ ಅಂಚಿನಲ್ಲಿ ನೋಡಿಕೊಂಡಿರಿ, ಮತ್ತು ಬ್ಲೌಸ್ ಕತ್ತರಿಸುವ ಮೊದಲೇ, ಬಟ್ಟೆ ಅಖಂಡವಾಗಿರುವಾಗಲೇ ಹೊಲಿಗೆ ಮುಗಿಸಿ ಟೈಲರ್‌ಗೆ ಕೊಡಿ.